ದೀರ್ಘ ಪದಕ್ಕೆ ಅಂಜಬೇಕೆ?



ಈಚೆಗೆ ಗರುಡಾಚಾರ್‌ಪಾಳ್ಯದ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಐದನೆಯ ತರಗತಿಯ ಬಾಲಕಿಯೊಬ್ಬಳು ಇಂಗ್ಲಿಷ್ ಪಾಠವನ್ನು ಓದುತ್ತ ‘ಟ್ರಾನ್ಸ್‌ಪೋರ್ಟೇಷನ್’ ಎಂಬ ಪದದ ಬಳಿ ನಿಂತುಬಿಟ್ಟಳು. ತರಗತಿಯಲ್ಲಿ ಇಂಥದೇ ಪದಕ್ಕೆ ಎಡವಿ ನಗೆಗೀಡಾದಂದಿನಿಂದ ಅವಳು ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದಳಂತೆ. “ನಾನು ಕನ್ನಡ ಶಾಲೆಯಲ್ಲಿ ಓದಿದವಳು ಗುರುಗಳೇ, ಇವಳಿಗೆ ಏನೆಂದು ಹೇಳಿಕೊಡಲಿ?” ಎಂದು ತಾಯಿ ಕಣ್ಣು ತುಂಬಿಕೊಂಡರು.

ನಾವು ಮಗುವಿಗೆ ಅಕ್ಕಮಹಾದೇವಿಯ ಅಂಕಿತವನ್ನು ಹೇಳೆಂದೆವು. ‘ಚೆನ್ನಮಲ್ಲಿಕಾರ್ಜುನ’ ಎಂದು ತಡೆಯಿಲ್ಲದೆ ನುಡಿದಳು. ಉಚ್ಚಾರದಲ್ಲಿ ಅದು ಏಳು ತುಂಡು: ಚೆನ್-ನ-ಮಲ್-ಲಿ-ಕಾರ್-ಜು-ನ. ಅರ್ಥದಲ್ಲಿ ಮೂರೇ: ಚೆನ್ನ, ಮಲ್ಲಿಕಾ, ಅರ್ಜುನ. ‘ಕಾರ್’ ಎಂಬೊಂದು ತುಂಡಿನಲ್ಲಿ ಮಲ್ಲಿಕಾ ಪದದ ಕೊನೆಯೂ ಅರ್ಜುನ ಪದದ ಮೊದಲೂ ಸವರ್ಣದೀರ್ಘ ಸಂಧಿಯಿಂದ ಕೂಡಿವೆ. ನಾಲಗೆ ಒಡೆಯುವ ಎಡೆ ಬೇರೆ, ಅರ್ಥ ಒಡೆಯುವ ಎಡೆ ಬೇರೆ.

ಇಂಗ್ಲಿಷಿನ ಆ ಪದವೂ ಹಾಗೆಯೇ. ಲ್ಯಾಟಿನ್ ಮೂಲದ ‘ಟ್ರಾನ್ಸ್’ ಎಂದರೆ ಆಚೆಗೆ, ‘ಪೋರ್ಟ್’ ಎಂದರೆ ಹೊರು; ‘ಏಷನ್’ ಎಂಬುದು ನಾಮಪದವಾಗಿಸುವ ಪ್ರತ್ಯಯ. ನುಡಿಯುವಾಗ ಮಾತ್ರ ಟ್ರಾನ್ಸ್-ಪೋರ್-ಟೇ-ಷನ್. ನಮ್ಮ ‘ನಂಬು’ ಧಾತುವಿಗೆ ‘ಇಕೆ’ ಸೇರಿ ‘ನಂ-ಬಿ-ಕೆ’ ಆಗುವಂತೆಯೇ ಇದು. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿವರಿಸಿದ ಸಂಧಿ, ಸಮಾಸ, ಪ್ರತ್ಯಯಗಳ ತಿಳಿವು ಇಲ್ಲಿಯೂ ಕೈಹಿಡಿಯುತ್ತದೆ.

ಒಂದು ಭೇದವುಂಟು. ನಮ್ಮ ಗುರು ಲಘುಗಳದು ಮಾತ್ರೆಯ ಲೆಕ್ಕ. ಇಂಗ್ಲಿಷಿನವರಾದರೋ ಒಂದು ತುಂಡನ್ನು ಒತ್ತಿ ನುಡಿದು ಉಳಿದವನ್ನು ಸಡಿಲಬಿಡುತ್ತಾರೆ. ನಾವು ಎಲ್ಲವನ್ನೂ ಸಮನಾಗಿ ನುಡಿದರೆ ಅವರಿಗೆ ಕೆಲವೊಮ್ಮೆ ತಿಳಿಯದಿರಬಹುದು. ‘ಷನ್’ ಎಂದು ಮುಗಿಯುವ ಇಂಥ ಪದಗಳಲ್ಲಿ ಒತ್ತು ಅದರ ಹಿಂದಿನ ತುಂಡಿನ ಮೇಲೆ ಬೀಳುತ್ತದೆ: ಎಜುಕೇಷನ್ ಎಂಬಲ್ಲಿ ‘ಕೇ’, ನಮ್ಮ ಬಾಲಕಿಯ ಪದದಲ್ಲಿ ‘ಟೇ’. ಆದರೆ ‘ಫೋಟೋಗ್ರಾಫ್’ನಲ್ಲಿ ಮೊದಲ ತುಂಡಿಗಿದ್ದ ಒತ್ತು ‘ಫೋಟೋಗ್ರಫಿ’ಯಲ್ಲಿ ಎರಡನೆಯದಕ್ಕೆ ಸರಿಯುತ್ತದೆ. ಇಂಥವನ್ನು ಕಿವಿಯಿಂದಲೇ ಕಲಿಯಬೇಕು. ಅನೇಕ ನಿಘಂಟುಗಳಲ್ಲಿ ಒತ್ತುಳ್ಳ ತುಂಡಿನ ಬಳಿ ಚಿಕ್ಕ ಗೀಟೂ ಇರುತ್ತದೆ.

ಕಂಡ ಕಂಡಲ್ಲಿ ಒಡೆಯಲೂ ಬಾರದು. ನೆಲಕ್ಕೆ ಹಾಸುವ ‘ಕಾರ್ಪೆಟ್’ನಲ್ಲಿ ಕಾರೂ ಇಲ್ಲ, ಪೆಟ್ಟೂ ಇಲ್ಲ! ಅರ್ಥ ಕೂಡಿಬಂದರೆ ಮಾತ್ರ ಅದು ಪದದ ಅಂಗ.

ತಾಯಿ ತಾವೇ ಆ ಪದವನ್ನು ಬಿಡಿಸಿ ಹೇಳಿದರು. ಮಗಳು ಮೊದಲು ಮೆಲ್ಲಗೆ, ಬಳಿಕ ಪಡಸಾಲೆಗೆಲ್ಲ ಕೇಳುವಂತೆ ಓದಿದಳು. ತಾಯಂದಿರೇ, ಕನ್ನಡದಲ್ಲಿ ಓದಿದೆವೆಂದು ಮಕ್ಕಳ ಪುಸ್ತಕದಿಂದ ದೂರ ಸರಿಯಬೇಡಿರಿ. ಪದವನ್ನು ಬಿಡಿಸುವ ವಿದ್ಯೆ ನಿಮ್ಮಲ್ಲಿ ಆಗಲೇ ಇದೆ. ಎಡವಿದ ಮಗುವನ್ನು ನೋಡಿ ನಗದಿರುವುದೇ ಮೊದಲ ಪಾಠ.