ಒರಟು ಗಡ್ಡವೂ ಸೇಫ್ಟಿ ರೇಜರೂ
ಒರಟು ಗಡ್ಡವುಳ್ಳವರು ಸೇಫ್ಟಿ ರೇಜರನ್ನು ಬಲವಾಗಿ ಒತ್ತಿ ಎಳೆದು ಕೆನ್ನೆಯನ್ನು ಗಾಯಮಾಡಿಕೊಳ್ಳುವುದುಂಟು. ಕೂದಲು ಮಣಿಯುವುದು ನೀರಿಗೆ, ಬಲಕ್ಕಲ್ಲ. ಎರಡು ಮೂರು ನಿಮಿಷ ಬಿಸಿನೀರಿನಿಂದ ನೆನೆಯಿಸಿದರೆ ಅದು ನೀರನ್ನು ಹೀರಿ ಮೃದುವಾಗುವುದು. ಬಳಿಕ ಸಾಬೂನಿನ ದಟ್ಟವಾದ ನೊರೆಯನ್ನು ಹಚ್ಚಿ, ಅಲಗು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿರುವಂತೆ ಹಿಡಿದು, ಒತ್ತದೆ ಕ್ಷೌರ ಮಾಡಿಕೊಳ್ಳತಕ್ಕದ್ದು.

ಅನುಲೋಮ, ಪ್ರತಿಲೋಮ ಎಂಬ ಶಬ್ದಗಳು ಲೋಮದಿಂದಲೇ, ಎಂದರೆ ಕೂದಲಿನಿಂದಲೇ, ಹುಟ್ಟಿದುವಷ್ಟೆ. ಮೊದಲು ಅನುಲೋಮವಾಗಿ, ಕೂದಲು ಬೆಳೆದ ದಿಕ್ಕಿನಲ್ಲಿ. ಮತ್ತೆ ನೊರೆ ಹಚ್ಚಿ ಅಡ್ಡಲಾಗಿ ಎಳೆದರೆ ಸಾಕು. ಪ್ರತಿಲೋಮದಿಂದ ನುಣುಪು ಹೆಚ್ಚುವುದು ನಿಜ. ಆದರೆ ಒರಟು ಗುಂಗುರು ಕೂದಲು ಚರ್ಮದೊಳಕ್ಕೇ ಬೆಳೆದು ಗುಳ್ಳೆಗಳೇಳುವ ಭಯವುಂಟು. ಕೂದಲನ್ನು ಜಗ್ಗತೊಡಗಿದ ಬ್ಲೇಡನ್ನು ಉಳಿತಾಯಕ್ಕೆಂದು ಇಟ್ಟುಕೊಳ್ಳಲಾಗದು. ದಿನವೆಲ್ಲ ಉರಿಯುವ ನುಣುಪು ಕೆನ್ನೆಗಿಂತ ಸಂಜೆಗೆ ತುಸು ಒರಟಾಗುವ ಕೆನ್ನೆಯೇ ಮೇಲೆಂದು ನಾವು ಭಾವಿಸುತ್ತೇವೆ.