ಮರಿ ಬಿಟ್ಟರೆ ಹೊಳೆ ಉಳಿದೀತೇ?

ಹೊಳೆಯಲ್ಲಿ ಮೀನು ಕಡಿಮೆಯಾಯಿತೆಂದರೆ ಮರಿ ತಂದು ಬಿಡುವುದೇ ಪರಿಹಾರವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಲೆಕ್ಕ ಬರೆಯುವುದು ಸುಲಭ, ಫೋಟೋ ತೆಗೆಯುವುದು ಇನ್ನೂ ಸುಲಭ. ಆದರೆ ಈ ಲೆಕ್ಕ ತಪ್ಪೆಂಬುದಕ್ಕೆ ಕಾವೇರಿಯೇ ಸಾಕ್ಷಿ.

ಬೆನ್ನು ಡುಬ್ಬಾದ ಮಹಸೀರ್ ಕಾವೇರಿಯ ಸ್ವಂತ ಮೀನು. 1970ರ ದಶಕದಿಂದ ಅಲ್ಲಿಗೆ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಬೇರೊಂದು ಜಾತಿಯ ಮಹಸೀರ್ ಮರಿಗಳನ್ನು ಬಿಡುತ್ತ ಬಂದರು. ಉದ್ದೇಶ ಒಳ್ಳೆಯದೇ ಇತ್ತು. ಆದರೆ ಬಂದ ನೆಂಟ ಮನೆಯೊಡೆಯನನ್ನೇ ಹೊರಗಟ್ಟಿದ. ಡುಬ್ಬದ ಮೀನು ಯಾವ ಜಾತಿಯದೆಂದು ನಿಶ್ಚಯವಾದದ್ದು 2018ರಲ್ಲಿ. ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ!

ಇನ್ನೂ ಒಂದು ಸೋಜಿಗವಿದೆ. ಆ ನೆಂಟ ಮೀನು ಕೃಷ್ಣೆಯ ಕೊಳ್ಳದ್ದು. ಸೈಕ್ಸ್ ಎಂಬಾತ 1839ರಲ್ಲಿ ಅದನ್ನು ವರ್ಣಿಸಿದ್ದು ಪುಣೆಯ ಮುಳಾ-ಮುಠಾ ಹೊಳೆಯಿಂದ. ಆ ನೀರು ಭೀಮೆಯ ಮೂಲಕ ಕೃಷ್ಣೆಗೇ ಬರುತ್ತದೆ. ಕೃಷ್ಣೆಯ ಮೀನು ಕಾವೇರಿಗೆ ಹೋಯಿತು. ಕೃಷ್ಣೆಯ ಸೀಮೆಯ ಜಲಾಶಯಗಳಿಗೆ ಉತ್ತರದ ನದಿಗಳ ರೋಹು, ಮೃಗಾಲ್ ಬಂದವು. ಇದಕ್ಕೆ ಏನೆನ್ನಬೇಕು?

ನಿಪ್ಪಾಣಿಯ ವೇದಗಂಗೆ, ಚಿಕ್ಕೋಡಿಯ ದೂಧಗಂಗೆ, ರಾಯಬಾಗ, ಅಥಣಿ, ಕಾಗವಾಡಗಳ ಕೃಷ್ಣೆ—ಇವುಗಳ ರೋಗವೇ ಬೇರೆ. ಮಹಸೀರ್ ಮಳೆಗಾಲದಲ್ಲಿ ಹೊಳೆಗೆದುರಾಗಿ ಏರಿ, ಹರಿಯುವ ತಿಳಿನೀರಿನ ಹರಳುಗಲ್ಲುಗಳ ಮೇಲೆ ಮೊಟ್ಟೆಯಿಡುವ ಮೀನು. ಅದರ ದಾರಿಗೆ ಸಾಲುಸಾಲು ಬಂದಾರಗಳು ಅಡ್ಡ. ಬೇಸಿಗೆಯಲ್ಲಿ ಪಾತ್ರ ಒಣಗಿದರೆ ಕೊಯ್ನಾದಿಂದ ನೀರು ಬಿಡಿರೆಂದು ಮಹಾರಾಷ್ಟ್ರವನ್ನು ಬೇಡಬೇಕು. ನೀರೇ ನಿಲ್ಲದ ಕಡೆ ಮರಿ ಸುರಿದರೆ ಯಾರಿಗೆ ಲಾಭ?

"ಹಾಗಾದರೆ ಅಂಬಿಗರ ಹೊಟ್ಟೆಪಾಡೇನು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 1957ರಲ್ಲಿ ಕಟಕದಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಗೆಂಡೆಮೀನುಗಳನ್ನು ಮರಿಮಾಡಿಸಿ ತೋರಿಸಿದರು. ದೇಶದ ಮೀನುಕೃಷಿಗೆ ಅದು ಮಹದುಪಕಾರ. ಆದರೆ ಆ ವಿದ್ಯೆಯ ತಾಣ ಕೆರೆ, ಕೃಷಿಹೊಂಡ. ಅವೂ ಮಹಾಪೂರಕ್ಕೆ ಮುಳುಗದ ಜಾಗದಲ್ಲಿರಲಿ. 2019 ಮತ್ತು 2021ರಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಸಾಕಿದ ಮೀನಿನಲ್ಲಿ ಅಂಬಿಗರ ಸಂಘಗಳಿಗೇ ಮೊದಲ ಪಾಲು ಸಲ್ಲಲಿ.

ಹೊಳೆಗೆ ಬೇಕಾದದ್ದು ಮೂರೇ: ಮೊದಲ ಮಳೆಗೆ ಬಂದಾರದ ಬಾಗಿಲು ತೆರೆಯಬೇಕು, ಮೊಟ್ಟೆಯಿಡುವ ಕಾಲದಲ್ಲಿ ಬಲೆ ನಿಲ್ಲಬೇಕು, ಮರಿ ಬಿಡಲೇಬೇಕಾದರೆ ಅದೇ ಹೊಳೆಯ ತಾಯಿಮೀನಿನ ಮರಿಯನ್ನೇ ಬಿಡಬೇಕು. ಇಷ್ಟು ಮಾಡದೆ ಮರಿಗಳ ಲಕ್ಷದ ಲೆಕ್ಕ ಹೇಳುವವರ ಮಾತನ್ನು ನಾವು ನಂಬಬೇಕಾಗಿಲ್ಲ.