‘ಳ’ಕಾರದ ಜಾಗ ಮತ್ತು ಡೇಟಾಬೇಸಿನ ಆಯ್ಕೆ

ಪೈಥಾನ್‌ನಲ್ಲಿ ಪುಟ್ಟದೊಂದು ಕನ್ನಡ ಪದಕೋಶ ಮಾಡಹೊರಟರೆ ಮೊದಲು ಎದುರಾಗುವ ತೊಡಕು ವೇಗದ್ದಲ್ಲ, ‘ಳ’ಕಾರದ್ದು. ಕಲೆ, ಕವಿ, ಕಸ, ಕಹಿ, ಕಳೆ: ಇದು ನಿಘಂಟು ತಿರುವಿದವರ ಕೈಗೆ ರೂಢಿಯಾದ ಕ್ರಮ. ವರ್ಣಮಾಲೆಯಲ್ಲಿ ಳ ಎಲ್ಲರಿಗಿಂತ ಕೊನೆಗೆ. ಯುನಿಕೋಡ್ ಪಟ್ಟಿಯಲ್ಲಾದರೋ ಅದು ಲಕಾರದ ಮಗ್ಗುಲಲ್ಲೇ ಕೂತಿದೆ. ಹಾಗಾಗಿ ಎಸ್‌ಕ್ಯೂಲೈಟ್‌ಗೆ ‘ವಿಂಗಡಿಸು’ ಎಂದರೆ ಕಲೆಯ ಬೆನ್ನಿಗೇ ಕಳೆ ಬಂದು ನಿಲ್ಲುತ್ತದೆ. ಅದಕ್ಕೆ ಕನ್ನಡ ಗೊತ್ತಿಲ್ಲ. ಬೈಟುಗಳನ್ನು ಹೋಲಿಸುವುದಷ್ಟೇ ಗೊತ್ತು.

ಪೋಸ್ಟ್‌ಗ್ರೆಸ್‌ಕ್ಯೂಎಲ್ 2017ರ 10ನೇ ಆವೃತ್ತಿಯಿಂದ ಐಸಿಯು ಎಂಬ ಲೈಬ್ರರಿಯ ಭಾಷಾವಾರು ವಿಂಗಡಣೆಯನ್ನು ಬಳಸಿಕೊಳ್ಳುತ್ತದೆ. ಕನ್ನಡದ ಕ್ರಮ ಬೇಕೆಂದು ಹೇಳಿದರೆ ಳ ತನ್ನ ಜಾಗಕ್ಕೆ ಹೋಗುತ್ತದೆ. ಆದರೆ ಇಷ್ಟಕ್ಕೇ ತಕ್ಕಡಿ ವಾಲಿತು ಎನ್ನಬೇಡಿ. ಎಸ್‌ಕ್ಯೂಲೈಟ್‌ಗೂ ನಮ್ಮದೇ ವಿಂಗಡಣೆಯನ್ನು ಪೈಥಾನ್‌ನ ಹತ್ತಿಪ್ಪತ್ತು ಸಾಲಿನ ಫಂಕ್ಷನ್ನಾಗಿ ಬರೆದು ಕಲಿಸಬಹುದು. ಅದರ ಕೊರತೆ ಬೇರೆ ಕಡೆ ಇದೆ: ಆ ಪಾಠ ಫೈಲಿನೊಳಗೆ ಉಳಿಯುವುದಿಲ್ಲ. ಅದೇ ಫೈಲನ್ನು ಇನ್ನೊಂದು ಪ್ರೋಗ್ರಾಮಿನಿಂದ ತೆರೆದು ಆ ವಿಂಗಡಣೆ ಕೇಳಿದರೆ, ಅಂಥದ್ದೊಂದು ನನಗೆ ಗೊತ್ತೇ ಇಲ್ಲ ಎಂದುಬಿಡುತ್ತದೆ.

ಎಸ್‌ಕ್ಯೂಲೈಟ್ ಹುಟ್ಟಿದ್ದೇ ಸರ್ವರಿನ ಕಾಟದಿಂದ. 2000ರಲ್ಲಿ ಅಮೆರಿಕದ ಯುದ್ಧನೌಕೆಯ ತಂತ್ರಾಂಶಕ್ಕಾಗಿ ದುಡಿಯುತ್ತಿದ್ದ ರಿಚರ್ಡ್ ಹಿಪ್, ಡೇಟಾಬೇಸ್ ಸರ್ವರ್ ಮಲಗಿದರೆ ತಮ್ಮ ಪ್ರೋಗ್ರಾಮೂ ಮಲಗುವುದನ್ನು ನೋಡಿ ಬೇಸತ್ತು, ಸರ್ವರೇ ಬೇಡದ ಡೇಟಾಬೇಸ್ ಬರೆದರು. 2006ರ ಪೈಥಾನ್ 2.5ರಿಂದ ಅದರ ಡ್ರೈವರ್ ಭಾಷೆಯ ಜೊತೆಗೇ ಬರುತ್ತದೆ. ಪಾಸ್‌ವರ್ಡಿಲ್ಲ, ಪೋರ್ಟಿಲ್ಲ, ಇಡೀ ಪದಕೋಶ ಒಂದು ಫೈಲು, ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರೆ ಮುಗಿಯಿತು. ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುವುದೆಂದರೆ ಹಸು ಸಾಕಿದ ಹಾಗೆ. ಹಾಲು ಕೊಡುತ್ತದೆ ನಿಜ, ದಿನಾ ನೋಡಿಕೊಳ್ಳಬೇಕು. ವರ್ಷಕ್ಕೊಂದು ದೊಡ್ಡ ಆವೃತ್ತಿ ಬರುತ್ತದೆ, ಒಂದೊಂದಕ್ಕೆ ಐದು ವರ್ಷದ ಬೆಂಬಲ. ಆಮೇಲೆ ಮೇಲ್ದರ್ಜೆಗೇರಿಸುವ ಕೆಲಸ ಯಾರದೋ ಒಬ್ಬರ ಭಾನುವಾರವನ್ನು ನುಂಗುತ್ತದೆ.

ಬರೆಯುವವರು ಹೆಚ್ಚಾದಾಗ ಮಾತು ತಿರುಗುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಬರೆಯುವವರು ಒಬ್ಬರೇ. 2010ರಲ್ಲಿ ಬಂದ ‘ವಾಲ್’ ವಿಧಾನದಿಂದ ಓದುವವರು ಬರೆಯುವವರಿಗಾಗಿ ಕಾಯುವುದು ತಪ್ಪಿತು, ಬರೆಯುವವರ ಸಾಲು ತಪ್ಪಲಿಲ್ಲ. ಪೈಥಾನ್‌ನ ಡ್ರೈವರ್ ಬೇರೇನೂ ಹೇಳದಿದ್ದರೆ ಐದು ಸೆಕೆಂಡು ಕಾದು, ಡೇಟಾಬೇಸಿಗೆ ಬೀಗ ಬಿದ್ದಿದೆ ಎಂದು ಕೈಚೆಲ್ಲುತ್ತದೆ. ಹಾಗೆಂದು ಈ ಬೀಗದ ಭೂತಕ್ಕೆ ಹೆದರಿ ಮೊದಲ ದಿನವೇ ಸರ್ವರ್ ಹೂಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಒಂದು ಪದ ಸೇರಿಸುವುದು ಮಿಲಿಸೆಕೆಂಡುಗಳ ಕೆಲಸ; ನಾಲ್ಕು ಜನ ಸಂಪಾದಕರು ದಿನವಿಡೀ ಟೈಪು ಮಾಡಿದರೂ ಒಬ್ಬರನ್ನೊಬ್ಬರು ತಾಕುವುದು ಅಪರೂಪ. ಆದರೆ ಆ ನಾಲ್ವರು ನಾಲ್ಕು ಊರಿನ ನಾಲ್ಕು ಕಂಪ್ಯೂಟರಿನಲ್ಲಿ ಕೂತು ಫೈಲನ್ನು ನೆಟ್‌ವರ್ಕ್ ಡ್ರೈವಿನಲ್ಲಿ ಹಂಚಿಕೊಳ್ಳುತ್ತೇವೆ ಎಂದರೆ ಮಾತ್ರ ನಾನು ಪೋಸ್ಟ್‌ಗ್ರೆಸ್ ಪಕ್ಷ. ವಾಲ್ ಅಲ್ಲಿ ನಡೆಯುವುದೇ ಇಲ್ಲ.

ಇನ್ನು ಡ್ರೈವರ್. (‘ಚಾಲಕ’ ಎಂದು ಬರೆದರೆ ಕೆಂಪು ಬಸ್ಸಿನವನು ಕಣ್ಮುಂದೆ ಬರುತ್ತಾನೆ, ‘ಡ್ರೈವರ್’ ಎಂದರೂ ಅವನೇ ಬರುತ್ತಾನೆ, ಇರಲಿ.) ಡೇಟಾಬೇಸಿನ ಬಗ್ಗೆ ತಿಂಗಳುಗಟ್ಟಲೆ ವಾದ ಮಾಡುವವರು ಇದನ್ನು ಹುಡುಕಿದಾಗ ಮೊದಲು ಸಿಕ್ಕಿದ ಹೆಸರಿಗೆ ಬಿಟ್ಟುಬಿಡುತ್ತಾರೆ. ಪೈಥಾನ್‌ನಲ್ಲಿ ಎಲ್ಲ ಡ್ರೈವರುಗಳೂ ಒಂದೇ ನಡೆ ನಡೆಯಲಿ ಎಂದು 1999ರಿಂದ ‘ಪೆಪ್ 249’ ಎಂಬ ಒಪ್ಪಂದವಿದೆ. ಸಂಪರ್ಕ ತೆರೆ, ಕರ್ಸರ್ ತೆಗೆದುಕೋ, ಪ್ರಶ್ನೆ ಓಡಿಸು, ಕಮಿಟ್ ಮಾಡು. ಒಪ್ಪಂದವೇನೋ ಸರಿ, ಆದರೆ ಬೆಲೆ ತುಂಬುವ ಜಾಗದ ಗುರುತಿಗೇ ಅದು ಐದು ಶೈಲಿಗಳನ್ನು ಒಪ್ಪಿದೆ! ಎಸ್‌ಕ್ಯೂಲೈಟ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಪೋಸ್ಟ್‌ಗ್ರೆಸ್‌ನ ಸೈಕೋಪಿಜಿಯಲ್ಲಿ ಶೇಕಡಾ ಚಿಹ್ನೆ. ನಾಳೆ ಡೇಟಾಬೇಸ್ ಬದಲಿಸಿದರೆ ಒಂದು ಸಾಲು ತಿದ್ದಿದರೆ ಸಾಕು ಎಂದು ನಂಬಿದವರು ಪ್ರತಿ ಪ್ರಶ್ನೆಯನ್ನೂ ತಿದ್ದುತ್ತ ಕೂರುತ್ತಾರೆ. ಎಸ್‌ಕ್ಯೂಎಲ್‌ಆಲ್ಕೆಮಿಯಂಥ ಪದರ ಹಾಕಿಕೊಂಡರೆ ಆ ಪಾಡು ತಪ್ಪುತ್ತದೆ, ಕಲಿಯುವುದು ಇಮ್ಮಡಿಯಾಗುತ್ತದೆ.

ಹಳೆಯ ಸೈಕೋಪಿಜಿ2 ಎಲ್ಲ ಕಡೆ ಇದೆ. ಎಡವಿದಲ್ಲೆಲ್ಲ ಯಾರೋ ಮೊದಲೇ ಎಡವಿ ಪರಿಹಾರ ಬರೆದಿಟ್ಟಿರುತ್ತಾರೆ. ಅದು ಬೆಲೆಗಳನ್ನು ತಾನೇ ಪ್ರಶ್ನೆಯೊಳಗೆ ಹೊಂದಿಸಿ, ಒಂದೇ ವಾಕ್ಯ ಮಾಡಿ ಕಳಿಸುತ್ತದೆ. 2021ರಲ್ಲಿ ಬಂದ ಮೂರನೆಯದು ಪ್ರಶ್ನೆಯನ್ನೂ ಬೆಲೆಯನ್ನೂ ಬೇರೆಬೇರೆಯಾಗಿ ಸರ್ವರಿಗೆ ಒಪ್ಪಿಸುತ್ತದೆ. ಇದು ಹೆಚ್ಚು ಶುದ್ಧ. ಆದರೆ ‘ಇನ್’ ಮುಂದೆ ಟ್ಯೂಪಲ್ ಕೊಟ್ಟು ಹತ್ತು ಪದ ಒಟ್ಟಿಗೆ ಹುಡುಕುತ್ತಿದ್ದ ಹಳೆಯ ಸಾಲುಗಳು ಇದರಲ್ಲಿ ಮುರಿಯುತ್ತವೆ, ‘ಎನಿ’ ಎಂದು ಬರೆದು ಪಟ್ಟಿ ಕೊಡಬೇಕು. ಮೂರನೆಯ ಅಭ್ಯರ್ಥಿ ಅಸಿಂಕ್‌ಪಿಜಿ, ಪೆಪ್ 249ರ ಗೊಡವೆಗೇ ಹೋಗದೆ ಪೋಸ್ಟ್‌ಗ್ರೆಸ್ ಜೊತೆ ಅದರ ಭಾಷೆಯಲ್ಲೇ ನೇರ ಮಾತಾಡುತ್ತದೆ. ಅದರ ವೇಗ ನಿಜ. ಆ ವೇಗ ಬೇಕಾಗುವುದು ಸಾವಿರಾರು ವಿನಂತಿಗಳು ಒಟ್ಟಿಗೆ ನುಗ್ಗುವ ಕಡೆ. ಪದಕೋಶದ ಪುಟವೊಂದು ತಡವಾದರೆ ಇಂಡೆಕ್ಸ್ ಹಾಕಿದ್ದೀರಾ ಎಂದು ಮೊದಲು ನೋಡುವುದು ವಾಸಿ.

ವೇಗಕ್ಕಿಂತ ಸ್ವಭಾವದ ಅಂತರ ದೊಡ್ಡದು. ಸೈಕೋಪಿಜಿ ಮೊದಲ ಪ್ರಶ್ನೆಗೇ ವಹಿವಾಟು ತೆರೆಯುತ್ತದೆ. ಕಮಿಟ್ ಮರೆತು ಸಂಪರ್ಕ ಮುಚ್ಚಿದರೆ ಬರೆದದ್ದೆಲ್ಲ ನೀರಲ್ಲಿ ಹೋಮ. ಅಸಿಂಕ್‌ಪಿಜಿ ನೀವು ಕೇಳಿದರೆ ಮಾತ್ರ ವಹಿವಾಟು ತೆರೆಯುತ್ತದೆ, ಇಲ್ಲವಾದರೆ ಪ್ರತಿ ಸಾಲೂ ಅಲ್ಲೇ ಖಾಯಂ. ಅರ್ಧ ದಾರಿಯಲ್ಲಿ ತಪ್ಪು ಗೊತ್ತಾದರೆ ಹಿಂದೆ ಬರುವಂತಿಲ್ಲ. ಯಾವ ಮರೆವು ನಿಮ್ಮದು ಎಂಬುದರ ಮೇಲೆ ಯಾವುದು ಕ್ಷೇಮ ಎಂಬುದು ನಿಂತಿದೆ. ನಾನು ಕಮಿಟ್ ಮರೆಯುವವನು, ಆದರೂ ಸೈಕೋಪಿಜಿಯನ್ನೇ ಆರಿಸುತ್ತೇನೆ. ಕಳೆದುಹೋದದ್ದು ಸಂಜೆಯೊಳಗೆ ಕಣ್ಣಿಗೆ ಬೀಳುತ್ತದೆ, ಅರ್ಧ ಬರೆದದ್ದು ತಿಂಗಳಾದರೂ ಬೀಳುವುದಿಲ್ಲ.

ಶಿಸ್ತಿನ ಬಗ್ಗೆ ನಮ್ಮದೇ ಒಂದು ಪರೀಕ್ಷೆ ಇದೆ. ಪುಟಸಂಖ್ಯೆಯ ಕಾಲಮಿಗೆ ‘೫’ ಎಂಬ ಕನ್ನಡ ಅಂಕಿಯನ್ನು ಪಠ್ಯವಾಗಿ ಕೊಟ್ಟು ನೋಡಿ. ಪೂರ್ಣಾಂಕದ ಕಾಲಮಾದರೂ ಎಸ್‌ಕ್ಯೂಲೈಟ್ ತುಟಿಪಿಟಕ್ಕೆನ್ನದೆ ಅದನ್ನು ಪಠ್ಯವಾಗಿಯೇ ಇಟ್ಟುಕೊಳ್ಳುತ್ತದೆ. ತಡೆಯಬೇಕೆಂದರೆ 2021ರಲ್ಲಿ ಬಂದ ‘ಸ್ಟ್ರಿಕ್ಟ್’ ಟೇಬಲ್ ಮಾಡಬೇಕು. ಪೋಸ್ಟ್‌ಗ್ರೆಸ್ ಬಾಗಿಲಲ್ಲೇ ತಡೆಯುತ್ತದೆ. ಅಸಿಂಕ್‌ಪಿಜಿಯಂತೂ ‘5’ ಎಂದು ಕೊಟ್ಟರೂ ಇದು ಪಠ್ಯ, ಸಂಖ್ಯೆಯಲ್ಲ ಎಂದು ಸರ್ವರಿನ ತನಕ ಹೋಗಲೂ ಬಿಡುವುದಿಲ್ಲ. ಇಷ್ಟು ಜನರ ನಡುವೆ ‘೫’ ಎಂದರೆ ಐದು ಎಂದು ಒಪ್ಪಿಕೊಳ್ಳುವುದು ಪೈಥಾನ್ ಒಂದೇ. ಅದರ ‘ಇಂಟ್’ ಫಂಕ್ಷನ್ನಿಗೆ ಕನ್ನಡ ಅಂಕಿ ಓದಲು ಬರುತ್ತದೆ.